ಮದುವೆಯಲ್ಲಿ ಇಂಗ್ಲಿಷ್ ಬೈಬಲ್ ಓದಬೇಕೇ? ಮೈಕಿನ ಮುಂದೆ ನಿಲ್ಲುವ ಮೊದಲು ಇಷ್ಟು ಮಾಡಿ

ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ಚರ್ಚ್ ಮದುವೆಯಲ್ಲಿ ಯಾರನ್ನೋ ವಾಚನಕ್ಕೆ ನಿಲ್ಲಿಸುತ್ತಾರೆ. ಅವರು ಮೈಕ್ ಹಿಡಿದು, ಕಾರ್ಡಿನಲ್ಲಿರುವ ‘1 Corinthians 13:4-8a’ ಎಂಬುದನ್ನು ‘ಒನ್ ಕೊರಿಂಥಿಯನ್ಸ್ ಥರ್ಟೀನ್ ಕೋಲನ್ ಫೋರ್ ಹೈಫನ್ ಏಟ್ ಎ’ ಎನ್ನುತ್ತಾರೆ. ಮುಂದಿನ ಭಾಗವನ್ನು ಎಲ್ಲರೂ ಸಲೀಸಾಗಿ ಓದುತ್ತಾರೆ. ಎಡವುವುದು ಈ ಒಂದು ಸಾಲಿನಲ್ಲಿ.

ಮೊದಲು ಯಾವ ಅನುವಾದವೆಂದು ಕೇಳಿಕೊಳ್ಳಿ. ಕಾರ್ಡಿನಲ್ಲಿ ಆ ಭಾಗ ‘ಲವ್ ಈಸ್ ಪೇಷಂಟ್’ ಎಂದು ಅಚ್ಚಾಗಿರುತ್ತದೆ, ಮನೆಯಿಂದ ತಂದ 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅದೇ ಜಾಗದಲ್ಲಿ ‘ಚ್ಯಾರಿಟಿ’ ಇರುತ್ತದೆ. ಮದುಮಕ್ಕಳ ಎದುರು ದಾನಧರ್ಮದ ಭಾಷಣವೇಕೆ ಎಂದು ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಹಳೆಯ ಗದ್ಯ ನನಗೆ ಬಹಳ ಇಷ್ಟ, ಆದರೆ ಮದುವೆಗೆ ಬೇಡ.

ಆಮೇಲೆ ಬೈಬಲಿನೊಳಗಿನ ಪುಸ್ತಕ ಹುಡುಕಿ. ಕನ್ನಡ ಬೈಬಲ್ ಓದಿ ಬೆಳೆದವರು ಇಲ್ಲಿ ಕಂಗೆಡುತ್ತಾರೆ: ನಮ್ಮ ಅರಣ್ಯಕಾಂಡ ಅಲ್ಲಿ ‘ನಂಬರ್ಸ್’, ಯಾಕೋಬನ ಪತ್ರಿಕೆ ‘ಜೇಮ್ಸ್’, ಪ್ರಸಂಗಿ ‘ಎಕ್ಲೀಸಿಯಾಸ್ಟೀಸ್’. ಹೆಚ್ಚುಕಡಿಮೆ ಅದೇ ಹೆಸರಿನ ‘ಎಕ್ಲೀಸಿಯಾಸ್ಟಿಕಸ್’ ಬೇರೆಯೇ ಪುಸ್ತಕ. ಅದು 73 ಪುಸ್ತಕಗಳ ಕ್ಯಾಥೊಲಿಕ್ ಬೈಬಲಿನಲ್ಲಿದೆ, 66ರ ಪ್ರಾಟೆಸ್ಟಂಟ್ ಬೈಬಲಿನಲ್ಲಿಲ್ಲ. ಹಳೆಯ ಕ್ಯಾಥೊಲಿಕ್ ಪ್ರತಿಯಾದರೆ ‘ಕರ್ತನು ನನ್ನ ಕುರುಬನು’ ಕೀರ್ತನೆಯನ್ನು 23ರಲ್ಲಿ ಅಲ್ಲ, 22ರಲ್ಲಿ ನೋಡಿ.

ಇನ್ನು ಆ ಸಾಲು. ಪುಸ್ತಕದ ಹೆಸರಿಗೆ ಮೊದಲು ಬರುವ 1 ಎಂದರೆ ‘ಫಸ್ಟ್’. ಬ್ರಿಟನ್ನಿನಲ್ಲಿ ‘ಒನ್’ ಎನ್ನುವವರೂ ಇದ್ದಾರೆ, ಇರಲಿ. ನೀವು ‘ಫಸ್ಟ್’ ಎನ್ನಿ. ಕೋಲನ್ನಿನ ಎಡಗಡೆಯದು ಅಧ್ಯಾಯ, ಬಲಗಡೆಯದು ವಚನ. ಆದ್ದರಿಂದ ‘ಫಸ್ಟ್ ಕೊರಿಂಥಿಯನ್ಸ್, ಚಾಪ್ಟರ್ ಥರ್ಟೀನ್, ವರ್ಸಸ್ ಫೋರ್ ಟು ಏಟ್’. ಕೊನೆಯ ‘ಎ’ ಎಂಟನೆಯ ವಚನದ ಮೊದಲ ಭಾಗ ಸಾಕು ಎಂಬ ಸೂಚನೆ, ಅದನ್ನು ಬಾಯಿಬಿಟ್ಟು ಹೇಳಬೇಡಿ. ‘ಜೂಡ್ 5’ (ಯೂದನ ಪತ್ರಿಕೆ) ಎಂದಿದ್ದರೆ ಐದನೆಯ ಅಧ್ಯಾಯ ಹುಡುಕುತ್ತ ಕೂರಬೇಡಿ. ಆ ಪತ್ರಿಕೆಗೆ ಇರುವುದೇ ಒಂದು ಅಧ್ಯಾಯ, 5 ಎಂಬುದು ವಚನ. ಕೀರ್ತನೆ ಒಂದೇ ಆದರೆ ‘ಸಾಮ್’, 150 ಸೇರಿದ ಪುಸ್ತಕ ‘ಸಾಮ್ಸ್’; ‘ಪಿ’ ಉಚ್ಚಾರವಾಗುವುದಿಲ್ಲ. ಪ್ರಕಟನೆ ‘ರೆವೆಲೇಷನ್’, ಕೊನೆಗೆ ‘ಸ್’ ಇಲ್ಲ. ಯೋಬನ ಪುಸ್ತಕ ‘ಜೋಬ್’. ನೌಕರಿಯ ‘ಜಾಬ್’ ಎಂದರೆ ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ.

ಆ ಸಾಲನ್ನು ಹೀಗೆ ಹೇಳುವುದು ಪ್ರಾಟೆಸ್ಟಂಟ್ ಸಭೆಗೆ. ಕ್ಯಾಥೊಲಿಕ್ ಪೂಜೆಯಲ್ಲಿ ಅಧ್ಯಾಯ, ವಚನ ಹೇಳುವಂತೆಯೇ ಇಲ್ಲ. ‘ಎ ರೀಡಿಂಗ್ ಫ್ರಮ್ ದ ಫಸ್ಟ್ ಲೆಟರ್ ಆಫ್ ಸೇಂಟ್ ಪಾಲ್ ಟು ದ ಕೊರಿಂಥಿಯನ್ಸ್’ ಎಂದು ಹೇಳಿ ನೇರ ಓದಿಗೆ ಇಳಿಯಿರಿ. ವಾಚನ ಗ್ರಂಥದಲ್ಲಿ ಕೆಂಪು ಅಕ್ಷರದಲ್ಲಿರುವುದು ನಿಮಗೆ ಸೂಚನೆ, ಸಭೆಗಲ್ಲ. ‘ಫಸ್ಟ್ ರೀಡಿಂಗ್’ ಎಂಬ ತಲೆಬರಹವನ್ನೂ ಓದಬೇಡಿ. ಮುಗಿದ ಮೇಲೆ ಒಂದು ಉಸಿರು ತಡೆದು ‘ದ ವರ್ಡ್ ಆಫ್ ದ ಲಾರ್ಡ್’ ಎನ್ನಿ. ತಡೆಯದೆ ಹೇಳಿದರೆ ಅದೂ ಪೌಲನ ಮಾತೇ ಅನ್ನಿಸಿ ಸಭೆಯಲ್ಲಿ ಯಾರೂ ‘ಥ್ಯಾಂಕ್ಸ್ ಬಿ ಟು ಗಾಡ್’ ಎಂಬ ಉತ್ತರ ಕೊಡುವುದಿಲ್ಲ. ಅಪ್ಪಿತಪ್ಪಿ ಸುವಾರ್ತೆಯ ಭಾಗವನ್ನು ನಿಮ್ಮ ಕೈಗೆ ಕೊಟ್ಟರೆ ವಾಪಸು ಕೊಡಿ. ಪೂಜೆಯಲ್ಲಿ ಅದನ್ನು ಓದುವವರು ಗುರುಗಳು ಅಥವಾ ಡೀಕನ್, ಅಂದರೆ ಉಪಯಾಜಕ.

ಓದುವಾಗ ನಡುವೆ ಬರುವ ಸಣ್ಣ ಅಂಕಿಗಳಲ್ಲಿ ನಿಲ್ಲಬೇಡಿ. ಪೌಲ ಪತ್ರ ಬರೆದಾಗ ಅವು ಇರಲಿಲ್ಲ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು 1551ರಲ್ಲಿ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕಲು ಅನುಕೂಲವಾಗಲೆಂದು ಹಾಕಿದವು. ಎಷ್ಟೋ ಕಡೆ ವಾಕ್ಯದ ನಡುವೆಯೇ ಬಂದು ಕೂತಿವೆ. ನಿಲ್ಲಬೇಕಾದದ್ದು ಅಲ್ಪವಿರಾಮ, ಪೂರ್ಣವಿರಾಮ ಇರುವಲ್ಲಿ.

ಮೊಬೈಲ್ ನೋಡಿ ಓದುವುದು ನನಗೆ ಒಪ್ಪಿಗೆಯಿಲ್ಲ. ಪುಕ್ಕಟೆ ಬೈಬಲ್ ಆ್ಯಪ್‌ಗಳಲ್ಲಿ ಕೆಲವು ವಚನದ ಮಧ್ಯೆಯೇ ಜಾಹೀರಾತು ತೂರಿಸುತ್ತವೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ವಚನದ ಅಂಕಿಗಳನ್ನು ಪೆನ್ನಿನಿಂದ ಹೊಡೆದು, ರಟ್ಟಿಗೆ ಅಂಟಿಸಿಕೊಂಡು ಹೋಗಿ. ಬರೀ ಹಾಳೆಯಾದರೆ ಫ್ಯಾನ್ ಗಾಳಿಗೆ ಹಾರುತ್ತದೆ.