ವರ್ಷಕ್ಕೊಂದೇ ಬಿಡ್: ಗಾಡಿ ಸ್ಪೇರ್ಸ್ ಖರೀದಿಯ ನನ್ನ ಅನುಭವ

ಇಡೀ ವರ್ಷದ ಸ್ಪೇರ್ಸ್‌ಗೆ ಏಪ್ರಿಲ್‌ನಲ್ಲೇ ಒಂದು ಬಿಡ್ (ಟೆಂಡರ್) ಹಾಕೋಣ ಅಂದಾಗ ನಮ್ಮ ಸ್ಟೋರ್ಸ್‌ನಲ್ಲಿ ಯಾರೂ ನಂಬಲಿಲ್ಲ. ನಮ್ಮದು ಬೆಂಗಳೂರಿನ ಸೇನಾ ಯೂನಿಟ್, ಸ್ಪೇರ್ಸ್ ಅಂಗಡಿಗಳ ಜೆ.ಸಿ. ರೋಡ್ ಪಕ್ಕದಲ್ಲೇ ಇದೆ, ಬೇಕಾದಾಗ ತಂದರಾಯ್ತು ಅನ್ನೋದು ಎಲ್ಲರ ವಾದ. ಆದರೆ ಡಿಪೋದಿಂದ ಎನ್‌ಎ (ಆ ಸ್ಪೇರ್ ನಮ್ಮಲ್ಲಿಲ್ಲ ಅನ್ನೋ ಪತ್ರ) ಬಂದು ಹೊರಗೆ ಕೊಳ್ಳಲು ಸ್ಯಾಂಕ್ಷನ್ ಆಗುವಷ್ಟರಲ್ಲಿ ಬಜೆಟ್ ವರ್ಷ ಮುಗಿಯುವ ಮಾರ್ಚ್ ಬಂದಿರುತ್ತಿತ್ತು. ಆಗ ಅಂಗಡಿಯವರು ಹೇಳಿದ್ದೇ ರೇಟ್.

ಮೊದಲು ಜೆಮ್‌ನಲ್ಲಿ (ಸರ್ಕಾರಿ ಖರೀದಿಯ ಆನ್‌ಲೈನ್ ಪೋರ್ಟಲ್) ಒಂದೊಂದೇ ಐಟಂ ಕೊಂಡು ನೋಡಿದೆವು. ಪಾರ್ಟ್ ನಂಬರ್ ಸರಿ, ಮಾಲು ಬೇರೆ. ಸ್ಟಾಲಿಯನ್ ಟ್ರಕ್ಕಿನ ಚಕ್ರದ ಹಬ್‌ಗೆ ಬಂದ ಆಯಿಲ್ ಸೀಲ್ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ. ಡಬ್ಬಿ ಹೊಸದು, ಹೋಲೋಗ್ರಾಮೂ ಇತ್ತು. ಬೆರಳಲ್ಲಿ ಒತ್ತಿದರೆ ಅಂಚಿನ ರಬ್ಬರ್ ಗಟ್ಟಿ, ಒಳಗಿನ ಸ್ಪ್ರಿಂಗ್ ಸಡಿಲ. ಕೆಲವೇ ವಾರದಲ್ಲಿ ಆಯಿಲ್ ಬ್ರೇಕ್ ಡ್ರಮ್‌ಗೆ ಇಳಿಯಿತು. ಸೀಲಿನಲ್ಲಿ ಉಳಿದದ್ದು 40-50 ರೂಪಾಯಿ, ಹಾಳಾದ ಲೈನಿಂಗ್‌ಗೆ 2,000ಕ್ಕೂ ಜಾಸ್ತಿ.

ಆಮೇಲೆ ಹಳೆಯ ರಿಪೇರಿಗಳ ಜಾಬ್ ಕಾರ್ಡ್‌ಗಳನ್ನು ಹರಡಿಕೊಂಡು ಕೂತೆ. ಯಾವ ರಿಪೇರಿಗೆ ಏನೇನು ಒಟ್ಟಿಗೆ ಬೇಕು ಅಂತ ಬರೆದೆ. ಕ್ಲಚ್ ಬಿಚ್ಚಿದ ಮೇಲೆ ಪ್ಲೇಟ್ ಜೊತೆ ರಿಲೀಸ್ ಬೇರಿಂಗೂ ಬದಲಿಸಲೇಬೇಕು, ಅಲ್ವಾ? ಎಲ್ಲವನ್ನೂ ಒಂದೇ ಬಿಒಕ್ಯೂ (ಐಟಂ, ಸಂಖ್ಯೆಗಳ ಪಟ್ಟಿ) ಬಿಡ್‌ಗೆ ಸೇರಿಸಿ, ಎಲ್-1 ಅನ್ನು, ಅಂದರೆ ಅತಿ ಕಡಿಮೆ ರೇಟಿನವರ ಆಯ್ಕೆಯನ್ನು, ಒಟ್ಟು ಮೊತ್ತದ ಮೇಲೆ ಇಟ್ಟೆವು. ಸಪ್ಲೈಯರ್‌ಗಳು ಲಾಭದ ಐಟಂ ಮಾತ್ರ ಹಿಡಿದು ಉಳಿದದ್ದು ಬಿಡುವ ಆಟ ನಿಂತಿತು. ಬಜೆಟ್ ಕಂತಿನಲ್ಲಿ ಬರುತ್ತೆ ಅಂತ ಡೆಲಿವರಿಯನ್ನೂ ಕಂತು ಮಾಡಿದೆವು. ಬಿಡ್ ಒಂದೇ ಆದ್ದರಿಂದ, ಖರೀದಿ ತುಂಡು ಮಾಡಿದ್ದೀರಿ ಅನ್ನೋ ಆಡಿಟ್ ಆಕ್ಷೇಪಕ್ಕೂ ಜಾಗ ಉಳಿಯಲಿಲ್ಲ.

ಸ್ಯಾಂಪಲ್ ಪಾಸಾಗದೆ ಮಾಲು ಕಳಿಸುವಂತಿಲ್ಲ ಅಂತ ಷರತ್ತು ಹಾಕಿದೆ. ಸ್ಯಾಂಪಲ್ ಮೇಲೆ ನಾನು ಮಾಡುವ ಎರಡು ಪರೀಕ್ಷೆಗಳನ್ನು ಇಲ್ಲಿ ಬರೆಯಲ್ಲ. ಸಪ್ಲೈಯರ್‌ಗಳೂ ಇದನ್ನು ಓದ್ತಾರೆ.

ನಡುವೆ ಫ್ಯಾನ್ ಬೆಲ್ಟ್ ಮೇಲೂ ಒಂದು ಪ್ರಯೋಗ ಮಾಡಿದೆ. ಕೆಲವನ್ನು ಮೊಳೆಗೆ ತೂಗುಹಾಕಿದೆ, ಕೆಲವನ್ನು ಕತ್ತಲೆ ರ‍್ಯಾಕ್‌ನಲ್ಲಿ ಸಡಿಲವಾಗಿ ಸುತ್ತಿಟ್ಟೆ. ಮೊಳೆಯ ಮೇಲಿದ್ದವು ಮಡಿಕೆಯಾದ ಜಾಗದಲ್ಲೇ ಬಿರುಕು ಬಿಟ್ಟವು. ಈಗ ಪ್ರತಿ ವರ್ಷದ ಮಾಲಿಗೆ ಬೇರೆ ಬಣ್ಣದ ಚುಕ್ಕೆ ಇಡ್ತೀವಿ, ಹಳೆಯದೇ ಮೊದಲು ಹೊರಗೆ ಹೋಗುತ್ತೆ.

ಸುಮಾರು 14 ಲಕ್ಷದ ಖರೀದಿಯಲ್ಲಿ 2 ಲಕ್ಷದ ಹತ್ತಿರ ಉಳಿಯಿತು. ವಿಒಆರ್, ಅಂದರೆ ಕೆಟ್ಟು ನಿಂತ ಗಾಡಿಗಳ ಸಂಖ್ಯೆ, ಮೊದಲಿನ ಅರ್ಧಕ್ಕಿಂತ ಕೆಳಗೆ ಬಂತು. ಆಗಲ್ಲ ಅಂದವರೇ ಈಗ ನನ್ನ ಬಿಒಕ್ಯೂ ಶೀಟ್ ಕೇಳಿ ಒಯ್ಯುತ್ತಾರೆ. ಬ್ಯಾಟರಿ ಮಾತ್ರ ಇದರಲ್ಲಿ ಸೇರಿಸಬೇಡಿ. ಶೆಲ್ಫ್‌ನಲ್ಲೇ ಸಾಯುತ್ತೆ. ಅದನ್ನು ಬೇಕಾದಷ್ಟೇ, ಹಳೆಯದರ ಬೈಬ್ಯಾಕ್ ಜೊತೆ ಬೇರೆ ಬಿಡ್‌ನಲ್ಲಿ ಕೊಳ್ಳಿ.