ಹತ್ತು ದಿನದ ವಿಪಶ್ಯನ ಶಿಬಿರ: ಹೋಗುವ ಮುನ್ನ, ಒಳಗಿದ್ದಾಗ, ಮರಳಿದ ಮೇಲೆ

ವಿಪಶ್ಯನ ಎಂದರೆ ಮೈಯ ಸಂವೇದನೆಗಳನ್ನು ಇದ್ದ ಹಾಗೆ ಗಮನಿಸುವ ಧ್ಯಾನ. ಅದರ ಹತ್ತು ದಿನದ ಶಿಬಿರಕ್ಕೆ ಹತ್ತೇ ದಿನ ರಜೆ ಹಾಕಿದರೆ ಸಾಲದು. ಮೊದಲ ದಿನದ ಹಿಂದಿನ ಮಧ್ಯಾಹ್ನವೇ ಕೇಂದ್ರ ತಲುಪಿ ನೋಂದಣಿ ಮಾಡಿಸಬೇಕು. ಶಿಬಿರ ಮುಗಿಯುವುದು ಹನ್ನೊಂದನೇ ದಿನ ಬೆಳಿಗ್ಗೆ. ಅಲ್ಲಿಗೆ 12 ದಿನ. ಅದರ ಮೇಲೆ ಎರಡು ದಿನ ಸೇರಿಸಿಕೊಳ್ಳಿ. ಶಿಬಿರದಿಂದ ನೇರ ಆಫೀಸಿಗೆ ಹೋದವರು ಗಳಿಸಿದ ನೆಮ್ಮದಿಯನ್ನು ಸಂಜೆಯೊಳಗೆ ಕಳೆದುಕೊಳ್ಳುವುದು ಸಾಮಾನ್ಯ.

ಇಲ್ಲಿ ಹೇಳುತ್ತಿರುವುದು ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಶಿಬಿರದ ಬಗ್ಗೆ. ಬರ್ಮಾದಲ್ಲಿ ಸಯಾಜಿ ಉ ಬಾ ಖಿನ್ ಅವರಿಂದ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದವರು ಅವರು. ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮಗಿರಿ ಮುಖ್ಯ ಕೇಂದ್ರ. ನಮ್ಮಲ್ಲಿ ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಧಮ್ಮ ಪಫುಲ್ಲ ಇದೆ. ಊಟ, ವಸತಿ, ಬೋಧನೆ ಯಾವುದಕ್ಕೂ ಶುಲ್ಕವಿಲ್ಲ. ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಮೊದಲೇ ಹಣ ಕೇಳಿದರೆ ಅದು ಈ ಪರಂಪರೆಯ ಶಿಬಿರವಲ್ಲ.

ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ. ಖಿನ್ನತೆ, ಆತಂಕ, ಫಿಟ್ಸ್, ಮಧುಮೇಹ, ಗರ್ಭ, ನುಂಗುತ್ತಿರುವ ಮಾತ್ರೆ, ಏನನ್ನೂ ಮುಚ್ಚಿಡಬೇಡಿ. ಸೀಟು ತಪ್ಪೀತೆಂಬ ಭಯಕ್ಕೆ ಮುಚ್ಚಿಟ್ಟು, ಅಲ್ಲಿಗೆ ಹೋದ ಮೇಲೆ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯಕಾರಿ. ದಿನಕ್ಕೆ ಹತ್ತು ಗಂಟೆಯಷ್ಟು ಧ್ಯಾನ, ಕಡಿಮೆ ನಿದ್ದೆ, ಮಾತಿಲ್ಲದ ಏಕಾಂತ ಒಟ್ಟಿಗೆ ಸೇರಿದಾಗ ಹತೋಟಿಯಲ್ಲಿದ್ದ ಕಾಯಿಲೆ ಕೆರಳಬಹುದು. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವುದು) ಅಥವಾ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಒಂದರ ಮೇಲೊಂದು ಬರುವುದು) ತೊಂದರೆ ಇದ್ದವರು, ಹತ್ತಿರದವರು ತೀರಿಕೊಂಡು ಇನ್ನೂ ಕೆಲವೇ ವಾರವಾದವರು ಮೊದಲು ತಮ್ಮ ವೈದ್ಯರ ಮಾತು ಕೇಳಲಿ. ಶಿಬಿರ ಚಿಕಿತ್ಸೆಗೆ ಬದಲಿಯಲ್ಲ.

ಒಂದು ತಿಂಗಳ ಮುಂಚೆ ದೇಹವನ್ನು ಸಿದ್ಧಪಡಿಸಿ. ದಿನಾ 20 ನಿಮಿಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಾರವಾರ ಹೆಚ್ಚಿಸುತ್ತ 45 ನಿಮಿಷಕ್ಕೆ ತನ್ನಿ. ಸೊಂಟ ಮೊಣಕಾಲಿಗಿಂತ ಎತ್ತರದಲ್ಲಿರಬೇಕು. ಕಂಬಳಿ ಮಡಚಿ ನಾಲ್ಕೈದು ಇಂಚು ಏರಿಸಿಕೊಳ್ಳಿ. ಮೊಣಕಾಲು ಗಾಳಿಯಲ್ಲಿ ನಿಂತರೆ ಅದರಡಿ ಟವೆಲ್ ಇಡಿ. ತೀರಾ ತಗ್ಗಾದ ಆಸನದಿಂದಲೂ ಬೆನ್ನುನೋವು ಬರುತ್ತದೆ. ಕಾಫಿ ಹೆಚ್ಚು ಕುಡಿಯುವವರು ಹತ್ತು ದಿನ ಮುಂಚಿನಿಂದ ಒಂದೊಂದೇ ಲೋಟ ಕಡಿಮೆ ಮಾಡಿ. ಇಲ್ಲದಿದ್ದರೆ ಮೊದಲೆರಡು ದಿನ ತಲೆನೋವಿನಲ್ಲೇ ಕಳೆಯುತ್ತದೆ. ಮಲಗುವ ಹೊತ್ತನ್ನೂ ಹಿಂದೆ ಸರಿಸಿ, ಅಲ್ಲಿ ಗಂಟೆ ಹೊಡೆಯುವುದು ನಾಲ್ಕಕ್ಕೆ.

ಚೀಲದಲ್ಲಿ ಸಡಿಲ ಹತ್ತಿ ಬಟ್ಟೆ, ಶಾಲು, ಹೊದಿಕೆ, ಟಾರ್ಚು, ವಾಸನೆಯಿಲ್ಲದ ಸೋಪು, 12 ದಿನಕ್ಕಾಗುವ ಔಷಧಿ ಇರಲಿ. ಪುಸ್ತಕ, ಪೆನ್ನು, ಜಪಮಾಲೆ ಬೇಡ. ಮೊಬೈಲನ್ನು ಕಚೇರಿಯಲ್ಲಿ ಒಪ್ಪಿಸಬೇಕು. ಮನೆಯವರಿಗೆ ತುರ್ತಿಗೆಂದು ಕೇಂದ್ರದ ನಂಬರು ಕೊಟ್ಟು ಬನ್ನಿ.

ಬೆಳಿಗ್ಗೆ 4.30ರಿಂದ ರಾತ್ರಿ 9ರವರೆಗೆ ಧ್ಯಾನ, ನಡುನಡುವೆ ಊಟ, ವಿಶ್ರಾಂತಿ, ಸಂಜೆ 7ಕ್ಕೆ ಪ್ರವಚನ. ಹನ್ನೊಂದಕ್ಕೆ ಮಧ್ಯಾಹ್ನದ ಊಟ, ಸಂಜೆ ಐದಕ್ಕೆ ಹೊಸಬರಿಗೆ ಹಣ್ಣು, ಚಹಾ, ರಾತ್ರಿ ಊಟವಿಲ್ಲ. ಸಕ್ಕರೆ ಕಾಯಿಲೆಯವರು ಇದನ್ನು ಬಂದ ದಿನವೇ ವ್ಯವಸ್ಥಾಪಕರ ಕಿವಿಗೆ ಹಾಕಬೇಕು.

ಮೊದಲ ಮೂರು ದಿನ ಆನಾಪಾನ: ಮೂಗಿನ ಹೊಳ್ಳೆಯ ಬಳಿ ಉಸಿರು ಬಂದುಹೋಗುವುದನ್ನು ಇದ್ದ ಹಾಗೆ ಗಮನಿಸುವುದು. ಪ್ರಾಣಾಯಾಮ ರೂಢಿಯಿದ್ದವರು ತಮಗೇ ತಿಳಿಯದೆ ಉಸಿರನ್ನು ಉದ್ದ ಮಾಡುತ್ತಾರೆ. ಜಪದ ರೂಢಿಯವರು ಮಂತ್ರ ಸೇರಿಸುತ್ತಾರೆ. ಮಂತ್ರದಿಂದ ಮನಸ್ಸು ಬೇಗ ನಿಲ್ಲುತ್ತದೆ, ನಿಜ. ಆದರೆ ಅದು ಶಬ್ದವನ್ನು ಹಿಡಿದು ನಿಂತಿರುತ್ತದೆ, ಮೇಲ್ದುಟಿಯ ಮೇಲಿನ ಸೂಕ್ಷ್ಮ ಸಂವೇದನೆ ಅದಕ್ಕೆ ಕಾಣುವುದಿಲ್ಲ. ಮುಂದಿನ ಕೆಲಸಕ್ಕೆ ಬೇಕಾದದ್ದು ಅದೇ. ಉಸಿರು ಗೊತ್ತೇ ಆಗದಿದ್ದರೆ ನಾಲ್ಕೈದು ಸಲ ಜೋರಾಗಿ ಉಸಿರಾಡಿ, ಮತ್ತೆ ಸಹಜಕ್ಕೆ ಬನ್ನಿ.

ನಾಲ್ಕನೇ ದಿನ ವಿಪಶ್ಯನ ಶುರು. ನೆತ್ತಿಯಿಂದ ಕಾಲ್ಬೆರಳವರೆಗೆ ಒಂದೊಂದೇ ಭಾಗದ ಮೇಲೆ ಗಮನ ಹಾಯಿಸುತ್ತ ಹೋಗಬೇಕು. ಎಲ್ಲಾದರೂ ಏನೂ ತಿಳಿಯದಿದ್ದರೆ ಒಂದು ನಿಮಿಷ ಕಾದು ಮುಂದೆ ಸಾಗಿ. ಆಮೇಲೆ ದಿನಕ್ಕೆ ಮೂರು ಸಲ ಅಧಿಷ್ಠಾನ: ಒಂದು ಗಂಟೆ ಕಣ್ಣು ತೆರೆಯದೆ, ಕೈ ಕಾಲು ಬಿಡಿಸದೆ ಕೂರುವುದು. ಇಲ್ಲಿ ಹಟ ಸಾಧಿಸುವವರೇ ಮೊಣಕಾಲು ಕೆಡಿಸಿಕೊಳ್ಳುವುದು. ಎದ್ದು ಎರಡು ನಿಮಿಷ ನಡೆದರೆ ಹೋಗುವ ನೋವನ್ನು ನೋಡುತ್ತ ಕೂರಬಹುದು. ಎದ್ದ ಮೇಲೂ ಕೀಲಿನೊಳಗೆ ಚುಚ್ಚುತ್ತಿದ್ದರೆ ಶಿಬಿರ ನಡೆಸುವ ಸಹಾಯಕ ಆಚಾರ್ಯರಿಗೆ ಹೇಳಿ ಕುರ್ಚಿ ಕೇಳಿ. ಕುರ್ಚಿಯ ಮೇಲೆ ಮಾಡಿದ ಧ್ಯಾನವೂ ಅಷ್ಟೇ ಧ್ಯಾನ.

ಎರಡನೇ ಮತ್ತು ಆರನೇ ದಿನ ಓಡಿಹೋಗಬೇಕೆನಿಸುವುದು ಹೆಚ್ಚು. ಹಳೆಯ ಅವಮಾನ, ಅಗಲಿದವರ ನೆನಪು, ಯಾರ ಮೇಲೋ ಕಟ್ಟಿಟ್ಟ ಸಿಟ್ಟು ಎದ್ದುಬರುತ್ತವೆ. ಹೆಚ್ಚಿನವರು ಆಗ ನಡೆದದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುವಿಹಾಕುತ್ತ ಗಂಟೆಗಟ್ಟಲೆ ಕೂರುತ್ತಾರೆ, ಗಾಯ ಮಾಗುವುದಿರಲಿ ಇನ್ನಷ್ಟು ಹಸಿಯಾಗುತ್ತದೆ. ಆ ಸಿಟ್ಟು ಮೈಯಲ್ಲಿ ಎಲ್ಲಿದೆ ಎಂದು ನೋಡಿ: ಎದೆ ಬಿಗಿದಿದೆಯೇ, ಗಂಟಲು ಕಟ್ಟಿದೆಯೇ, ಅಂಗೈ ಬಿಸಿಯಾಗಿದೆಯೇ? ಅದು ಏರುವುದನ್ನೂ ಇಳಿಯುವುದನ್ನೂ ನೋಡಿ. ಅಳು ಬಂದರೆ ಬರಲಿ, ಅಳಲೇಬೇಕೆಂದೂ ಇಲ್ಲ. ತೀರಾ ಹೆಚ್ಚಾದರೆ ಉಸಿರಿಗೆ ಮರಳಿ, ಇಲ್ಲವೇ ಗಮನವನ್ನು ಅಂಗೈ ಅಂಗಾಲಿಗೆ ತನ್ನಿ. ಮೈಯೆಲ್ಲ ಹಗುರಾಗಿ ಜುಮ್ಮೆನ್ನುವ ಗಂಟೆಯೂ ಬರುತ್ತದೆ. ಅದನ್ನು ಮರುದಿನ ಹುಡುಕುತ್ತ ಕೂತವರ ಪಾಡು ನೋವಿಗೆ ಹೆದರಿದವರದಕ್ಕಿಂತ ಕಷ್ಟ. ಎರಡಕ್ಕೂ ಸಮತೆಯೇ, ಅಂದರೆ ಹಿತಕ್ಕೆ ಅಂಟದೆ ನೋವಿಗೆ ಸಿಡುಕದೆ ನೋಡುವುದೇ ಮದ್ದು, ಈ ವಿಧಾನದ ತಿರುಳೂ ಅದೇ.

ಎರಡು ರಾತ್ರಿ ಒಂದು ಚೂರೂ ನಿದ್ದೆಯಿಲ್ಲದೆಯೂ ದಣಿವೇ ಇಲ್ಲದಿದ್ದರೆ, ಇಲ್ಲದ ದನಿ ಕೇಳಿದರೆ, ಭಯ ಬಿಡದಿದ್ದರೆ, ಸಾಯುವ ಯೋಚನೆ ಬಂದರೆ ಆ ಕ್ಷಣವೇ ಧ್ಯಾನ ನಿಲ್ಲಿಸಿ ಆಚಾರ್ಯರ ಬಳಿ ಹೋಗಿ. ಶಿಬಿರದಲ್ಲಿ ಪಾಲಿಸುವ ಮೌನ, ಅಂದರೆ ಆರ್ಯ ಮೌನ, ಸಾಧಕರ ನಡುವೆ ಮಾತ್ರ. ಆಚಾರ್ಯರ, ಧಮ್ಮ ಸೇವಕರ (ಶಿಬಿರದ ಸ್ವಯಂಸೇವಕರ) ಜೊತೆ ಮಾತಾಡಲು ಅಡ್ಡಿಯಿಲ್ಲ. ಅಂಥ ಹೊತ್ತಿನಲ್ಲಿ ಶಿಬಿರ ಬಿಟ್ಟು ಮನೆಗೆ ಮರಳುವುದೇ ಸರಿ, ಅದರಲ್ಲಿ ಸೋಲಿಲ್ಲ.

ಹತ್ತನೇ ದಿನ ಬೆಳಿಗ್ಗೆ, ಎಲ್ಲರಿಗೂ ಒಳಿತು ಹಾರೈಸುವ ಮೈತ್ರಿ ಧ್ಯಾನದ ನಂತರ ಮೌನ ಮುಗಿಯುತ್ತದೆ. ನಿಮಗೇನಾಯಿತು, ನನಗೇನಾಯಿತು ಎಂಬ ಹೋಲಿಕೆಗೆ ಇಳಿಯಬೇಡಿ.

ಊರಿಗೆ ಮರಳಿದ ಮೇಲೆ ಕನಿಷ್ಠ ಎರಡು ವಾರ ಕೆಲಸ ಬಿಡುವ, ಮದುವೆ ಮುರಿಯುವ, ಹಳೆಯ ಲೆಕ್ಕವನ್ನೆಲ್ಲ ಮಾತಾಡಿ ಮುಗಿಸುವ ನಿರ್ಧಾರ ಬೇಡ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕೆನ್ನುತ್ತಾರೆ. ಆಗದಿದ್ದರೆ ಬೆಳಗಿನದನ್ನಾದರೂ ಉಳಿಸಿಕೊಳ್ಳಿ. ಒಂಟಿಯಾಗಿ ಮಾಡುವವರ ಅಭ್ಯಾಸ ಬೇಗ ಬಿಟ್ಟುಹೋಗುವುದರಿಂದ ಹತ್ತಿರದಲ್ಲಿ ಸಾಮೂಹಿಕ ಸಾಧನೆ ಅಥವಾ ಒಂದು ದಿನದ ಶಿಬಿರ ಇದೆಯೇ ವಿಚಾರಿಸಿ. ತಳಮಳ, ನಿದ್ದೆಗೇಡು ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಆದೀತು. ಎರಡನೇ ಶಿಬಿರಕ್ಕೆ ಹೋಗುವವರು ಹಳೆಯ ಸಾಧಕರಾಗುತ್ತಾರೆ, ಅವರು ಪಾಲಿಸಬೇಕಾದ ಶೀಲ (ನಡತೆಯ ನಿಯಮ) ಹೊಸಬರ ಹಾಗೆ ಐದಲ್ಲ, ಎಂಟು. ಮಧ್ಯಾಹ್ನ ಹನ್ನೆರಡರ ಮೇಲೆ ಅವರಿಗೆ ಹಣ್ಣೂ ಇಲ್ಲ, ಸಂಜೆ ಐದಕ್ಕೆ ನಿಂಬೆ ನೀರು ಮಾತ್ರ.