ಮೊಸಾಯಿಕ್ ನೆಲ ಉಳಿಸಿಕೊಂಡ ನಮ್ಮ ಗೋರೆಗಾಂವ್ ಮನೆ

ಮುಂಬಯಿಯ ಗೋರೆಗಾಂವ್ ಪಶ್ಚಿಮದಲ್ಲಿ ನಾವು ಕೊಂಡ ಫ್ಲಾಟು 1974ರಲ್ಲಿ ಕಟ್ಟಿದ್ದು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ಕೋಣೆ, ಒಂದು ಹಾಲ್, ಒಂದು ಚಿಕ್ಕ ಬಾಲ್ಕನಿ. ಹಳೆ ಮನೆ ಅಂದ ಕೂಡಲೇ ನೆಂಟರಿಷ್ಟರು ಹೇಳಿದ್ದು ಒಂದೇ ಮಾತು: "ಎಲ್ಲ ಒಡೆಸಿ ಹೊಸದಾಗಿ ಮಾಡ್ಸಿ." ನಮಗೆ ಅದು ಒಪ್ಪಿಗೆಯಾಗಲಿಲ್ಲ. ಇಟ್ಟುಕೊಂಡ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು, ಕರೆಂಟು, ಸ್ಲ್ಯಾಬಿನ ರಿಪೇರಿಗೆ ಹೋಯಿತು. ಅಂದಚಂದಕ್ಕೆ ಮನೆಯಲ್ಲಿ ಮೊದಲೇ ಇದ್ದ ನೆಲ, ಕಿಟಕಿಗಳನ್ನೇ ನೆಚ್ಚಿಕೊಂಡೆವು. ಹಳೆ ಮನೆ ಕೊಳ್ಳಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕೀಲಿ ಕೈಗೆ ಬಂದದ್ದು ಮೇ ಕೊನೆಗೆ. ಆಗಲೇ ಕೆಲಸ ಶುರು ಮಾಡಲಿಲ್ಲ. ಬಾಡಿಗೆ ಮನೆಯಲ್ಲೇ ಇದ್ದುಕೊಂಡು ಒಂದು ಮಳೆಗಾಲ ಪೂರ್ತಿ ಈ ಮನೆಯನ್ನು ನೋಡಿದೆವು. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ. ಇಷ್ಟು ಮಳೆಯಲ್ಲಿ ಗೋಡೆಯ ಬಂಡವಾಳ ತಾನಾಗಿ ಹೊರಗೆ ಬೀಳುತ್ತದೆ. ತೇವ ಕಂಡ ಕಡೆಯಲ್ಲೆಲ್ಲ ಅದರ ಅಂಚಿನ ಉದ್ದಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದೆ. ಮಲಗುವ ಕೋಣೆಯ ಗೋಡೆಯ ಮೇಲಿನ ಗೆರೆಗಳು ಜುಲೈ ಮಳೆಯಲ್ಲಿ ಒಂದರ ಹೊರಗೊಂದು ಬೆಳೆದವು, ಅಕ್ಟೋಬರ್ ಬಿಸಿಲಿಗೆ ಗೋಡೆ ಒಣಗಿತು. ಅಂದರೆ ನೀರು ಹೊರಗಿನಿಂದ ಬರುತ್ತಿದೆ. ಬಚ್ಚಲುಮನೆ ಸೀಲಿಂಗಿನ ಕಲೆ ಮಾತ್ರ ಮಳೆ ಇರಲಿ, ಬಿಡಲಿ, ಹಾಗೇ ಇತ್ತು. ಅದು ಮೇಲಿನ ಮನೆಯ ಬಚ್ಚಲಿನದು.

ಈ ವ್ಯತ್ಯಾಸ ಗೊತ್ತಿದ್ದರೆ ಖರ್ಚು ಯಾರದು ಅನ್ನುವ ಜಗಳವೇ ಬರುವುದಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ಸೊಸೈಟಿ ನಡೆಸುವ ನಿಯಮಾವಳಿ) ಪ್ರಕಾರ ಹೊರಗೋಡೆ, ಟೆರೇಸ್, ಹೊರಗಿನ ಪೈಪುಗಳ ಸೋರಿಕೆ ಸೊಸೈಟಿಯ ಖರ್ಚು. ಒಂದು ಮನೆಯ ಬಚ್ಚಲು, ಸಿಂಕಿನಿಂದ ಕೆಳಗಿನ ಮನೆಗೆ ಸೋರಿದರೆ ಆ ಮನೆಯವರ ಖರ್ಚು. ಮೇಲಿನ ಮನೆಯ ಗುಜರಾತಿ ಅಜ್ಜಿಗೆ ಫೋಟೋ, ತಾರೀಕು ಎಲ್ಲ ತೋರಿಸಿದೆ. "ನನ್ನ ನಹಾಣಿ ಟ್ರ್ಯಾಪೇ ಇರಬೇಕು ಬೇಟಾ" ಅಂತ ಹೇಳಿ ಆ ವಾರವೇ ಪ್ಲಂಬರನ್ನು ಕರೆಸಿದರು. (ನಹಾಣಿ ಟ್ರ್ಯಾಪ್ ಅಂದರೆ ಬಚ್ಚಲಿನ ನೀರು ಹೋಗುವ ತೂತಿನ ಕೆಳಗಿನ ಬಟ್ಟಲು.)

ಇನ್ನೊಂದು ಮಾತು. ಹಳೆ ಕಟ್ಟಡದಲ್ಲಿ ಮನೆ ಕೊಳ್ಳುವ ಮೊದಲೇ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ) ವರದಿ ಕೇಳಿ ಪಡೆಯಿರಿ. ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಸೆಕ್ರೆಟರಿ ವರದಿ ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡುವುದೇ ಒಳ್ಳೆಯದು.

ಕೆಲಸ ಶುರುವಾದದ್ದು ಸೀಲಿಂಗಿನಿಂದ. ಅಡುಗೆಮನೆಯ ಒಂದು ಮೂಲೆಯಲ್ಲಿ ಪ್ಲಾಸ್ಟರ್ ಉಬ್ಬಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಕೆರೆದು ನೋಡಿದರೆ ಕಬ್ಬಿಣದ ಸರಳು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಊದಿಕೊಂಡು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸಮುದ್ರದ ಗಾಳಿ ಬೀಸುವ ಊರಲ್ಲಿ ಇದು ಸಾಮಾನ್ಯ. ಒಬ್ಬ ಗುತ್ತಿಗೆದಾರ ಬಂದು ನೋಡಿ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಫಾಲ್ಸ್ ಸೀಲಿಂಗ್ ಹಾಕಿದರೆ ಕಾಣುವುದೇ ಇಲ್ಲ ಅಂದ. ಅವನಿಗೆ ಆ ದಿನವೇ ಬೇಡ ಅಂದೆವು. ಸಡಿಲ ಕಾಂಕ್ರೀಟ್ ಎಲ್ಲ ಉದುರಿಸಿ, ಸರಳನ್ನು ತಂತಿ ಬ್ರಶ್‌ನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಪಾಲಿಮರ್ ಗಾರೆಯಿಂದ ತುಂಬಿಸಿದೆವು. ಎಂಜಿನಿಯರ್ ಎದುರಿಗೇ ನಿಂತಿದ್ದರು. ಇಂಥ ಕಡೆ ಫಾಲ್ಸ್ ಸೀಲಿಂಗ್ ಹಾಕಿದರೆ ರೋಗ ಮುಚ್ಚಿಟ್ಟ ಹಾಗೆ. ನಮ್ಮ ಮನೆಯಲ್ಲಿ ಎಲ್ಲೂ ಅದನ್ನು ಹಾಕಿಸಿಲ್ಲ.

ವೈರಿಂಗ್ ಪೂರ್ತಿ ಬದಲಾಯಿಸಿದೆವು. ಹಳೆಯದು ಅಲ್ಯೂಮಿನಿಯಂ ತಂತಿ, ಫ್ಯಾನು ದೀಪದ ಕಾಲದ್ದು. ಈಗ ತಾಮ್ರ: ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್. ಎಂಸಿಬಿ (ಲೋಡು ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಜೊತೆಗೆ, ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡ ಹಾಕಿಸಿ. ಮೈಗೆ ಕರೆಂಟು ಹೊಡೆದಾಗ ಜೀವ ಉಳಿಸುವುದು ಅದು, ಎಂಸಿಬಿ ಅಲ್ಲ. ಸ್ವಿಚ್ಚುಗಳನ್ನು ಲೋಹಾರ್ ಚಾಳ್‌ನಲ್ಲಿ ಕೊಂಡೆವು. ಒಂದೇ ಗಲ್ಲಿಯಲ್ಲಿ ಹತ್ತು ಅಂಗಡಿಯ ರೇಟು ಕೇಳಬಹುದು.

ಬಚ್ಚಲುಮನೆಯಲ್ಲಿ ಮಾತ್ರ ಎಲ್ಲ ಒಡೆದೆವು. ತುಕ್ಕು ಹಿಡಿದ ಜಿಐ (ಸತು ಲೇಪದ ಕಬ್ಬಿಣ) ಪೈಪು ತೆಗೆದು ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಹಾಕಿಸಿದೆವು. ವಾಟರ್‌ಪ್ರೂಫಿಂಗ್ ಆದ ಮೇಲೆ ನಹಾಣಿ ಟ್ರ್ಯಾಪ್ ಮುಚ್ಚಿ, ನೀರು ಕಟ್ಟಿ ನಿಲ್ಲಿಸಿ, 48 ಗಂಟೆ ಬಿಟ್ಟು, ಕೆಳಗಿನ ಮನೆಯ ಸೀಲಿಂಗ್ ನೋಡಿ ಬಂದೆವು. ಅಲ್ಲಿ ತೇವ ಇಲ್ಲ ಅಂತ ಖಾತ್ರಿಯಾದ ಮೇಲೇ ಟೈಲ್. "ನಾಳೆ ಟೈಲ್ ಹಾಕಿಬಿಡ್ತೀನಿ" ಅಂತ ಮಿಸ್ತ್ರಿ ಅವಸರ ಮಾಡಿದರೂ ಬಿಟ್ಟುಕೊಡಬೇಡಿ.

ಇನ್ನು ನೆಲದ ವಿಷಯ. ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತದ್ದು. ಹಾಲಿನಲ್ಲಿ, ಕೋಣೆಗಳಲ್ಲಿ ಹಳೆ ಮೊಸಾಯಿಕ್ ಟೈಲು. ಎಷ್ಟೋ ವರ್ಷದ ಕೊಳೆ, ಮೇಣ ಸೇರಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೇ ವಿಟ್ರಿಫೈಡ್ ಟೈಲು ಅಂಟಿಸಿ ಅಂತ ಎಲ್ಲರ ಸಲಹೆ. ಹಾಗೆ ಮಾಡಿದರೆ ಸ್ಲ್ಯಾಬಿನ ಮೇಲೆ ಭಾರ ಬೀಳುತ್ತದೆ, ನೆಲ ಏರುತ್ತದೆ, ಬಾಗಿಲುಗಳನ್ನೆಲ್ಲ ಕೆಳಗೆ ಕೊಯ್ಯಬೇಕಾಗುತ್ತದೆ. ಪಾಲಿಶ್ ಮಾಡುವವರನ್ನು ಹುಡುಕಿದಾಗ ಸಿಕ್ಕಿದ್ದು ವಿಜಯಪುರ ಕಡೆಯವರು. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ಅವರ ಮುಖ ಅರಳಿತು. ಮಂಚ ಬರುವ ಮೂಲೆಯಲ್ಲಿ ನೀರು ಚೆಲ್ಲಿ, ಮಷೀನು ಇಟ್ಟು, ಮೊರದಗಲ ಜಾಗ ಉಜ್ಜಿದರು. ಬೂದು ರಾಡಿ ಬಳಿದು ತೆಗೆದರು. ಕೆಳಗೆ ತಿಳಿಹಸಿರು ಸಿಮೆಂಟು, ಅದರಲ್ಲಿ ಬಿಳಿ, ಕಪ್ಪು, ಅಲ್ಲೊಂದು ಇಲ್ಲೊಂದು ಕೆಂಪು ಅಮೃತಶಿಲೆಯ ಚೂರು. "ಇದನ್ನ ಮುಚ್ಚಬ್ಯಾಡ್ರಿ ಅಕ್ಕಾರ, ಇಂಥಾದ್ದು ಈಗ ಯಾರೂ ಮಾಡಂಗಿಲ್ಲ" ಅಂದರು.

ಕ್ರಮ ಹೀಗೆ: ಮೊದಲು 60 ನಂಬರಿನ ಒರಟು ಕಲ್ಲು, ಆಮೇಲೆ ಇನ್ನೂ ನಯವಾದ 120, 220, 320. ನಡುವೆ ಸಣ್ಣ ತೂತು, ಬಿರುಕುಗಳಿಗೆ ಬಿಳಿ ಸಿಮೆಂಟಿಗೆ ಹಸಿರು ಬಣ್ಣ ಕಲಸಿ ತುಂಬಿ, ಒಣಗಲು ಬಿಟ್ಟು ಮತ್ತೆ ಉಜ್ಜುತ್ತಾರೆ. ಕೊನೆಗೆ ಆಕ್ಸಾಲಿಕ್ ಪುಡಿಯ ಪಾಲಿಶ್. ಹಾಲಿನ ನಡುವೆ ಒಡೆದಿದ್ದ ಟೈಲುಗಳ ಜಾಗಕ್ಕೆ ಕಪಾಟು ಬರುವ ಕಡೆಯಿಂದ ಗಟ್ಟಿ ಟೈಲು ಎಬ್ಬಿಸಿ ಕೂರಿಸಿದರು. ಕಪಾಟಿನ ಕೆಳಗೆ ಸಾದಾ ಸಿಮೆಂಟು ಸಾಕು. ಬಣ್ಣ ಒಂದಿಷ್ಟೂ ಬೇರೆಯಾಗಿಲ್ಲ. ಹೊಸ ಟೈಲು ತಂದು ಹಾಕಿದ್ದರೆ ಈ ಹೊಂದಿಕೆ ಬರುತ್ತಿರಲಿಲ್ಲ.

ಮೊಸಾಯಿಕ್ ಇರುವವರು ನೆನಪಿಡಿ, ಅದರಲ್ಲಿರುವುದು ಅಮೃತಶಿಲೆ. ಹುಳಿ ತಾಗಿದರೆ ತಿಂದುಹೋಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ. ಹುಣಸೆರಸ, ನಿಂಬೆರಸ, ಸಾರು ಚೆಲ್ಲಿದರೆ ಕೂಡಲೇ ಒರೆಸಿ. ಅತ್ತೆಯವರು ಈಗ ಹುಣಸೆಹಣ್ಣು ನೆನೆಹಾಕಿದ ಪಾತ್ರೆಯನ್ನು ಕಟ್ಟೆಯ ಮೇಲೇ ಇಡುತ್ತಾರೆ, ನೆಲಕ್ಕೆ ಇಳಿಸುವುದೇ ಇಲ್ಲ.

ಕಿಟಕಿಗಳು ಸಾಗುವಾನಿ. ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿದರೆ ಅರ್ಧ ಕಿಟಕಿ ಯಾವಾಗಲೂ ಮುಚ್ಚಿಯೇ ಇರುತ್ತದೆ, ಗಾಳಿ ಅರ್ಧಕ್ಕರ್ಧ ಕಡಿಮೆ. ಹಾಗಾಗಿ ಹಳೆಯವನ್ನೇ ಸರಿಮಾಡಿಸಿದೆವು. ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣದಾಗಿ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಒದ್ದೆ ಮಾಡಿ ಉಜ್ಜಿಸಿ, ಕೆಲಸದವರಿಗೂ ಮಾಸ್ಕ್ ಕೊಡಿ. ಮುರಿದ ಹಿತ್ತಾಳೆ ಚಿಲಕಗಳಿಗೆ ಜೋಡಿ ಚೋರ್ ಬಜಾರಿನಲ್ಲಿ ಸಿಕ್ಕಿತು. ಊಟದ ಮೇಜು ಓಶಿವಾರಾದ ಹಳೆ ಪೀಠೋಪಕರಣಗಳ ಅಂಗಡಿಯದು.

ಬಣ್ಣವನ್ನು ನೆಲ ನೋಡಿ ಆರಿಸಿದೆವು. ಗೋಡೆಯ ಮೇಲೆ ಎರಡಡಿ ಅಗಲ ಬಳಿದು ಬೆಳಿಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿ. ಅಂಗಡಿಯ ಕಾರ್ಡಿನಲ್ಲಿ ಕಂಡದ್ದೇ ಬೇರೆ, ಗೋಡೆಯ ಮೇಲೆ ಬರುವುದೇ ಬೇರೆ. ನಾವು ಹಾಕಿದ್ದು ಹಸಿರು ಛಾಯೆಯ ಬಿಳಿ. ನೆಲದಲ್ಲೇ ಅಷ್ಟು ಚಿತ್ತಾರ ಇರುವಾಗ ಪರದೆ ಸಾದಾ ಇರಬೇಕು ಅಂತ ನನ್ನ ಹಟ. ಖಾದಿ ಬಟ್ಟೆ ಹೊಲಿಸಿದೆ. ಬಣ್ಣ ಬೇಕಾದಲ್ಲಿ ಮಾತ್ರ ಗುಳೇದಗುಡ್ಡದ ಖಣದ ದಿಂಬು, ದಿವಾನದ ಮೇಲೆ ನವಲಗುಂದದ ಜಮಖಾನ. ಬಾಲ್ಕನಿಗೆ ಧಾರಾವಿಯ ಕುಂಭಾರವಾಡದಿಂದ ಮಣ್ಣಿನ ಕುಂಡ ತಂದೆವು. ಹಳೆ ಬಾಲ್ಕನಿ ಮುಂದಕ್ಕೆ ಚಾಚಿಕೊಂಡಿರುತ್ತದೆ ಅಲ್ವಾ, ಅದರ ತುದಿಗೆ ಭಾರ ಹಾಕಬಾರದು. ಕುಂಡಗಳೆಲ್ಲ ಗೋಡೆಯ ಬದಿಗೇ ಇವೆ.

ಮಲಗುವ ಕೋಣೆಯ ಹೊರಗೋಡೆಯ ಕೆಲಸ ಬಾಕಿ ಇದೆ. ಅದು ಸೊಸೈಟಿಯದು. ಪೆನ್ಸಿಲ್ ಗೆರೆಗಳ ಫೋಟೋ ಲಗತ್ತಿಸಿ ಅರ್ಜಿ ಕೊಟ್ಟಿದ್ದೇವೆ, ಮುಂದಿನ ಜನರಲ್ ಬಾಡಿ ಮೀಟಿಂಗಿನ ಪಟ್ಟಿಯಲ್ಲಿ ವಿಷಯ ಸೇರಿದೆ. ಅಲ್ಲಿಯವರೆಗೆ ಆ ಒಂದು ಗೋಡೆಗೆ ಪುಟ್ಟಿಯೂ ಇಲ್ಲ, ಬಣ್ಣವೂ ಇಲ್ಲ. ಹೊರಗಿನ ನೀರು ನಿಲ್ಲದೆ ಒಳಗೆ ಬಳಿದರೆ ಬರುವ ಜುಲೈಗೆ ಎಲ್ಲ ಎದ್ದು ಬರುತ್ತದೆ.